‘ಸುಳ್ಳು ಹೇಳಿದೆ’ ಎಂಬ ಮಾತು

2017ರ ಮಾರ್ಚ್ 7ರಂದು ಅಪ್ಪನೂ ನಾನೂ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿದ್ದೆವು. ಭಾರತದ ಎದುರಿನ ಟೆಸ್ಟ್‌ನಲ್ಲಿ ಆಸ್ಟ್ರೇಲಿಯಾದ ಗುರಿ 188 ರನ್. ಉಮೇಶ್ ಯಾದವ್ ಎಸೆದ ಚೆಂಡು ಪುಟಿಯದೆ ತಗ್ಗಿ ಬಂತು. ನಾಯಕ ಸ್ಟೀವ್ ಸ್ಮಿತ್ ಎಲ್‌ಬಿಡಬ್ಲ್ಯು ಆದರು. ಆದರೆ ಹೊರಡಲಿಲ್ಲ. ವಿರಾಟ್ ಕೊಹ್ಲಿ ಸಿಟ್ಟಿನಿಂದ ಅತ್ತ ನುಗ್ಗಿದರು. ನಮಗೆ ಏನೂ ತಿಳಿಯಲಿಲ್ಲ. ಆದರೂ ಸುತ್ತಲಿನವರ ಜೊತೆ ನಾನು ‘ಮೋಸ, ಮೋಸ’ ಎಂದು ಕೂಗಿದೆ. ತೀರ್ಪಿನ ಮರುಪರಿಶೀಲನೆ ಕೇಳಬೇಕೇ ಎಂದು ಸ್ಮಿತ್ ಡ್ರೆಸ್ಸಿಂಗ್ ಕೊಠಡಿಯತ್ತ ನೋಡಿದ್ದರು, ಅದು ನಿಯಮಕ್ಕೆ ವಿರುದ್ಧ ಎಂಬುದು ಗೊತ್ತಾದದ್ದು ಮನೆಗೆ ಬಂದು ಟಿ.ವಿ. ಹಾಕಿದಾಗ. ಹಾಗೆ ಮಾಡಬಾರದಿತ್ತು, ಆ ಗಳಿಗೆಯಲ್ಲಿ ಬುದ್ಧಿ ಮಂಕಾಯಿತು ಎಂದರು ಸ್ಮಿತ್. ಅಪ್ಪ ನಂಬಿದರು. ನಾನು ನಂಬಲಿಲ್ಲ.

ಮರುವರ್ಷ ಮಾರ್ಚ್ 29ರಂದು ಅದೇ ಸ್ಮಿತ್ ಸಿಡ್ನಿ ವಿಮಾನ ನಿಲ್ದಾಣದಲ್ಲಿ ಮೈಕುಗಳ ಮುಂದೆ ನಿಂತು ಬಿಕ್ಕಿ ಬಿಕ್ಕಿ ಅತ್ತರು. ಹಿಂದೆ ನಿಂತಿದ್ದ ಅವರ ತಂದೆ ಮಗನ ಹೆಗಲ ಮೇಲೆ ಕೈಯಿಟ್ಟಿದ್ದರು. ಅದನ್ನು ನೋಡುತ್ತಿದ್ದ ನನ್ನ ಅಪ್ಪ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು.

“ಇನ್ನು ಸಾಕು, ಬಿಟ್ಟುಬಿಡಬೇಕು ಅವನನ್ನು” ಎಂದರು.

ನನಗೆ ಹಾಗೆನಿಸಲಿಲ್ಲ. ಐದು ದಿನಗಳ ಹಿಂದೆ ಕೇಪ್‌ಟೌನ್‌ನ ಟೆಸ್ಟ್‌ನಲ್ಲಿ ಅವರ ತಂಡ ನಿಯಮ ಮೀರಿ ಚೆಂಡನ್ನು ಉಜ್ಜಿ ಕೆಡಿಸಲು ಹೊರಟಿದ್ದನ್ನು ಕ್ಯಾಮೆರಾಗಳು ಹಿಡಿದ ಮೇಲಷ್ಟೇ ಅವರು ಬಾಯಿಬಿಟ್ಟಿದ್ದರು. ಚೆಂಡಿಗೆ ಉಜ್ಜಿದ್ದು ಟೇಪ್ ಎಂದು ತಂಡದ ಯುವ ಆಟಗಾರ ಕ್ಯಾಮರಾನ್ ಬ್ಯಾಂಕ್ರಾಫ್ಟ್ ಹೇಳಿದಾಗ ಸ್ಮಿತ್ ಪಕ್ಕದಲ್ಲೇ ಕುಳಿತಿದ್ದರು. ನಾಯಕತ್ವ ಬಿಡುವುದಿಲ್ಲ ಎಂದೂ ಹೇಳಿದ್ದರು. ಆಮೇಲೆ ಬಂದದ್ದು ಹನ್ನೆರಡು ತಿಂಗಳ ನಿಷೇಧ. ಈ ಅಳು ಮಾಡಿದ ತಪ್ಪಿಗೋ, ಕಳೆದುಕೊಂಡದ್ದಕ್ಕೋ? ಅಳುವವರ ಮುಖ ನೋಡಿ ಅದನ್ನು ಹೇಳಲು ನನ್ನಿಂದಾಗದು. ತಪ್ಪೆಲ್ಲ ತನ್ನ ನಾಯಕತ್ವದ್ದೇ ಎಂದು ಅವರು ಹೊಣೆ ಹೊತ್ತರು, ನಿಜ. ಆದರೆ ತಾನು ಏನು ಮಾಡಿದೆ ಎಂಬುದು ಆ ಮಾತಿನಲ್ಲಿರಲಿಲ್ಲ.

ಅದೇ ದಿನ ಪರ್ತ್‌ನಲ್ಲಿ ಬ್ಯಾಂಕ್ರಾಫ್ಟ್ ಕೂಡ ಮಾತನಾಡಿದರು. ಉಜ್ಜಿದ್ದು ಟೇಪ್ ಅಲ್ಲ, ಮರಳು ಕಾಗದ. ಅದರ ಬಗ್ಗೆ ಸುಳ್ಳು ಹೇಳಿದೆ ಎಂದರು. ‘ಸುಳ್ಳು’ ಎಂಬ ಪದವನ್ನೇ ಬಳಸಿದರು. ಎಲ್ಲರ ಕಣ್ಣು ಸಿಡ್ನಿಯ ಕಣ್ಣೀರಿನ ಮೇಲಿತ್ತು. ನನ್ನ ಮನಸ್ಸು ಕರಗಿದ್ದು ಈ ಹುಡುಗನ ಮಾತಿಗೆ. ಎರಡು ದಿನಗಳ ನಂತರ, ನಿಷೇಧಕ್ಕೊಳಗಾಗಿದ್ದ ಉಪನಾಯಕ ಡೇವಿಡ್ ವಾರ್ನರ್ ಸಹ ಅತ್ತರು. ಬೇರೆ ಯಾರಿಗೆಲ್ಲ ಇದು ಗೊತ್ತಿತ್ತು ಎಂಬ ಪ್ರಶ್ನೆಗೆ ಮಾತ್ರ ನೇರ ಉತ್ತರ ಬರಲಿಲ್ಲ.

ಸ್ಮಿತ್ ಅವರನ್ನು ನಾನು ನಂಬಿದ್ದು ಅದೇ ವರ್ಷದ ಡಿಸೆಂಬರ್‌ನಲ್ಲಿ. ಕೇಪ್‌ಟೌನ್‌ನ ಡ್ರೆಸ್ಸಿಂಗ್ ಕೊಠಡಿಯಲ್ಲಿ ನಡೆಯುತ್ತಿದ್ದುದರ ಪಕ್ಕದಲ್ಲೇ ತಾನು ಹಾದುಹೋದೆ, ತಡೆಯುವ ಅವಕಾಶವಿತ್ತು, ತಡೆಯಲಿಲ್ಲ ಎಂದು ಅವರು ಆಗ ಹೇಳಿದರು. ಕಣ್ಣೀರಿರಲಿಲ್ಲ. ಪತ್ರಿಕೆಯಲ್ಲಿ ಅದನ್ನು ಓದಿ ಅಪ್ಪನಿಗೆ ತೋರಿಸಿದೆ. “ನಿನಗೆ ಇಷ್ಟು ಬೇಕಿತ್ತೇನೋ?” ಎಂದರು. ಹೌದು, ಬೇಕಿತ್ತು.

2019ರ ಜೂನ್ 9, ವಿಶ್ವಕಪ್, ಲಂಡನ್ನಿನ ಓವಲ್. ಬೌಂಡರಿ ಬಳಿ ನಿಂತಿದ್ದ ಸ್ಮಿತ್‌ರನ್ನು ಭಾರತದ ಅಭಿಮಾನಿಗಳು ಮೂದಲಿಸುತ್ತಿದ್ದರು. ಬೆಂಗಳೂರಿನಲ್ಲಿ ಅವರ ಮೇಲೆ ಸಿಡಿದಿದ್ದ ಕೊಹ್ಲಿಯೇ, ಚಪ್ಪಾಳೆ ತಟ್ಟಿ ಎಂದು ಜನರಿಗೆ ಸನ್ನೆ ಮಾಡಿದರು. ಪಂದ್ಯ ಮುಗಿದ ಮೇಲೆ ಅಭಿಮಾನಿಗಳ ಪರವಾಗಿ ಕ್ಷಮೆಯನ್ನೂ ಕೇಳಿದರು.

“ಅವತ್ತು ಚಿನ್ನಸ್ವಾಮಿಯಲ್ಲಿ ಏನಾಯಿತೆಂದು ತಿಳಿಯದೆಯೇ ಕೂಗಿದೆ ಅಪ್ಪ. ತಪ್ಪು ಮಾಡಿದೆ” ಎಂದೆ.

“ಅದನ್ನು ನನಗೇಕೆ ಹೇಳುತ್ತೀಯ?” ಎಂದರು ಅಪ್ಪ.