ಕೋಡಿ ಜಾಗ ಬಿಟ್ಟುಕೊಟ್ಟ ಆ ಶನಿವಾರ

2024ರ ಫೆಬ್ರವರಿ 3, ನಮ್ಮಲ್ಲಿ ಶನಿವಾರ ಬೆಳಿಗ್ಗೆ. ಅಲಬಾಮಾದ ಬರ್ಮಿಂಗ್‌ಹ್ಯಾಮ್‌ನಲ್ಲಿ ಇನ್ನೂ ಶುಕ್ರವಾರದ ರಾತ್ರಿ, ಕಥೆ ಬರೆದು ಕುಸ್ತಿ ಆಡಿಸುವ ಡಬ್ಲ್ಯುಡಬ್ಲ್ಯುಇ ಕಂಪನಿಯ ವಾರದ ಕಾರ್ಯಕ್ರಮ ಸ್ಮ್ಯಾಕ್‌ಡೌನ್ ಮುಗಿಯುವ ಹೊತ್ತು. ರಿಂಗಿನಲ್ಲಿ ಚಾಂಪಿಯನ್ ರೋಮನ್ ರೇನ್ಸ್, ಎದುರಿಗೆ ಕೋಡಿ ರೋಡ್ಸ್. ಆರು ದಿನದ ಹಿಂದಷ್ಟೇ ಕೋಡಿ ಸತತ ಎರಡನೇ ಬಾರಿ ರಾಯಲ್ ರಂಬಲ್ (ಕಂಪನಿಯ ವರ್ಷದ ಅತಿ ದೊಡ್ಡ ಪ್ರದರ್ಶನವಾದ ರೆಸಲ್‌ಮೇನಿಯಾದಲ್ಲಿ ಚಾಂಪಿಯನ್ ಎದುರು ಜಾಗ ಕೊಡಿಸುವ ಸ್ಪರ್ಧೆ) ಗೆದ್ದು, ಮೇಲೆ ಕೂತಿದ್ದ ರೋಮನ್ ಕಡೆ ಬೆರಳು ತೋರಿಸಿದ್ದ. ಈಗ ಮೈಕ್ ಹಿಡಿದು ಹೇಳಿದ್ದೇ ಬೇರೆ: ನಿನ್ನ ಹತ್ತಿರ ಇರುವುದನ್ನೆಲ್ಲ ಕಿತ್ತುಕೊಳ್ಳುತ್ತೇನೆ, ಆದರೆ ರೆಸಲ್‌ಮೇನಿಯಾದಲ್ಲಿ ಅಲ್ಲ. ಅದರ ಬೆನ್ನಿಗೇ ದಿ ರಾಕ್‌ನ, ಅಂದರೆ ಹಾಲಿವುಡ್ ನಟನೂ ಆದ ಹಳೆಯ ತಾರೆ ಡ್ವೇನ್ ಜಾನ್ಸನ್‌ನ ಸಂಗೀತ. ರಾಕ್ ಬಂದು ಕೋಡಿಯನ್ನು ಅಪ್ಪಿಕೊಂಡ, ಕಿವಿಯಲ್ಲಿ ಏನೋ ಹೇಳಿದ. ಕೋಡಿ ತಲೆ ತಗ್ಗಿಸಿ ರಿಂಗಿನಿಂದ ಇಳಿದು ಹೋದ. ರಾಕ್ ಮತ್ತು ರೋಮನ್ ಮುಖಕ್ಕೆ ಮುಖ ಕೊಟ್ಟು ನಿಂತರು, ಪ್ರಸಾರ ಮುಗಿಯಿತು.

ಒಳಗಿದ್ದ ಜನ ಕಿವಿಗಡಚಿಕ್ಕುವಂತೆ ಕೂಗಿದರು. ಬುಕಿಂಗ್ ಮಾಡುವವರು, ಅಂದರೆ ಪಂದ್ಯಗಳ ಕಥೆ ಹೆಣೆಯುವವರು, ಎಡವುವುದು ಇಂಥ ಕೂಗನ್ನು ನಂಬಿಯೇ. ರಾಕ್‌ನ ಹಾಡಿನ ಮೊದಲ ಸದ್ದಿಗೆ ಯಾವ ಊರಿನಲ್ಲಾದರೂ ಜನ ಎದ್ದು ನಿಲ್ಲುತ್ತಾರೆ. ಅದು ಎಷ್ಟೋ ದಿನದ ಮೇಲೆ ಕಂಡ ಮುಖಕ್ಕೆ ಸಿಕ್ಕ ಸ್ವಾಗತ. ಕಥೆಗೆ ಕೊಟ್ಟ ಒಪ್ಪಿಗೆ ಅಂತ ಅದನ್ನು ಓದಬಾರದು. ಒಪ್ಪಿಗೆ ಇರಲಿಲ್ಲ ಎಂಬುದು ಒಂದೇ ದಿನದಲ್ಲಿ ತಿಳಿಯಿತು. ಆ ಮುಖಾಮುಖಿಯ ಯೂಟ್ಯೂಬ್ ವಿಡಿಯೋಗೆ ಡಿಸ್‌ಲೈಕ್‌ಗಳ ರಾಶಿ ಬಿತ್ತು, ‘ನಮಗೆ ಕೋಡಿ ಬೇಕು’ ಎಂಬ ಹ್ಯಾಶ್‌ಟ್ಯಾಗ್ ಎಲ್ಲೆಡೆ ಹರಡಿತು.

ಸಿಟ್ಟು ಯಾಕೆ ಅಷ್ಟು ಬಂತು ಎನ್ನುವುದಕ್ಕೆ ಒಂದು ವರ್ಷದ ಹಳೆಯ ಬಾಕಿ ನೋಡಬೇಕು. 2023ರ ಏಪ್ರಿಲ್ 2ರಂದು ರೆಸಲ್‌ಮೇನಿಯಾ 39ರಲ್ಲಿ ಕೋಡಿ ರೋಮನ್‌ಗೆ ಸೋತ. ಮೋಸವಿಲ್ಲದೆ, ಕ್ಲೀನ್ ಆಗಿ ಸೋತಿದ್ದರೆ ಲೆಕ್ಕ ಅಲ್ಲಿಗೇ ಚುಕ್ತಾ. ಆದರೆ ರೋಮನ್‌ನ ಗುಂಪಿನ ಸೋಲೋ ಸಿಕೋವಾ ರೆಫರಿಯ ಕಣ್ಣು ತಪ್ಪಿಸಿ ಹೊಡೆದ, ಆಮೇಲೆ ರೋಮನ್ ತನ್ನ ಪಟ್ಟು ಸ್ಪಿಯರ್ ಹಾಕಿ ಪಿನ್ ಮಾಡಿದ, ಅಂದರೆ ಮೂರು ಎಣಿಸುವವರೆಗೆ ನೆಲಕ್ಕೆ ಒತ್ತಿ ಹಿಡಿದ. ಕುಸ್ತಿಯ ಕಥೆಗಾರಿಕೆಯಲ್ಲಿ ಮೋಸದ ಫಿನಿಶ್ (ಪಂದ್ಯದ ಮುಕ್ತಾಯ) ಎಂದರೆ ಕಂಪನಿಯೇ ನೋಡುಗನಿಗೆ ಬರೆದುಕೊಟ್ಟ ಸಾಲಪತ್ರ: ಈ ಪಂದ್ಯ ಮತ್ತೆ ನಡೆಯುತ್ತದೆ, ಆಗ ನ್ಯಾಯ ಸಿಗುತ್ತದೆ. ಆದರೆ ಮಾರನೇ ದಿನವೇ ಇನ್ನೊಬ್ಬ ಕುಸ್ತಿಪಟು ಬ್ರಾಕ್ ಲೆಸ್ನರ್ ಬಂದು ಕೋಡಿಯನ್ನು ಹೊಡೆದು ಹಾಕಿದ. ಯಾಕೆ ಹೊಡೆದ ಎಂಬುದಕ್ಕೆ ಸರಿಯಾದ ಕಾರಣ ಕೊಡದೆಯೇ ಸ್ಯಾನ್ ಹುವಾನ್, ಜೆಡ್ಡಾ, ಡೆಟ್ರಾಯಿಟ್ ಎಂದು ಮೂರು ಪಂದ್ಯ ಓಡಿಸಿದರು. ಪಂದ್ಯಗಳು ಚೆನ್ನಾಗಿಯೇ ಇದ್ದವು. ಆದರೆ ಬಾಕಿ ಇದ್ದದ್ದು ಲೆಸ್ನರ್ ಜೊತೆ ಅಲ್ಲ.

ಇದರ ಕೆಳಗೆ ಇನ್ನೂ ಹಳೆಯ ಪದರ ಒಂದಿದೆ. ಕೋಡಿಯ ಅಪ್ಪ ಡಸ್ಟಿ ರೋಡ್ಸ್ 1977ರಲ್ಲಿ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಆಗಿನ ಚಾಂಪಿಯನ್ ಸೂಪರ್‌ಸ್ಟಾರ್ ಬಿಲ್ಲಿ ಗ್ರಹಾಂನನ್ನು ಸೋಲಿಸಿದ್ದು ಕೌಂಟ್‌ಔಟ್‌ನಿಂದ, ಅಂದರೆ ಎದುರಾಳಿ ಎಣಿಕೆ ಮುಗಿಯುವುದರೊಳಗೆ ರಿಂಗಿಗೆ ಮರಳದ್ದರಿಂದ. ಕೌಂಟ್‌ಔಟ್‌ನಲ್ಲಿ ಗೆದ್ದರೆ ಬೆಲ್ಟ್ ಕೈ ಬದಲಾಗುವುದಿಲ್ಲ. ಅಪ್ಪನ ಕೈಗೆ ಬಂದು ಜಾರಿದ್ದನ್ನು ಮಗ ತರುತ್ತಾನೆ: ಒಂದೇ ವಾಕ್ಯದ ಕಥೆ, ಎಲ್ಲರಿಗೂ ಅರ್ಥವಾಗುವಂಥದ್ದು. ಪಂದ್ಯ ಮಾರಲು ಇಷ್ಟು ಸಾಕು. ಅದರ ಜೊತೆಗೆ ರಂಬಲ್ ಎನ್ನುವುದೇ ಒಂದು ಕರಾರು. ಗೆದ್ದವನಿಗೆ ರೆಸಲ್‌ಮೇನಿಯಾದಲ್ಲಿ ಚಾಂಪಿಯನ್ ವಿರುದ್ಧ ಪಂದ್ಯ ಎಂಬ ನಿಯಮ 1993ರಿಂದ ಇದೆ. ಮೂವತ್ತು ಜನ ಅದಕ್ಕಾಗಿಯೇ ಹೋರಾಡುವುದನ್ನು ಒಂದು ಗಂಟೆಗೂ ಹೆಚ್ಚು ಹೊತ್ತು ತೋರಿಸಿ, ಆರು ದಿನದಲ್ಲಿ ಗೆದ್ದವನೇ ಅದನ್ನು ಇನ್ನೊಬ್ಬನ ಕೈಗಿಟ್ಟರೆ ಮುಂದಿನ ವರ್ಷದ ರಂಬಲ್‌ನ ಬೆಲೆಯೂ ಬಿದ್ದುಹೋಗುತ್ತದೆ.

ರಾಕ್ ವಿರುದ್ಧ ರೋಮನ್ ಎಂಬುದು ಕೆಟ್ಟ ಪಂದ್ಯವೇನಲ್ಲ. ಒಂದೇ ಸಮೋವನ್ ಮನೆತನದ ಇಬ್ಬರು, ಪೋಸ್ಟರ್ ತಾನಾಗಿ ಮಾರಾಟವಾಗುತ್ತದೆ. ಜನವರಿ 1ರ ರಾ ಕಾರ್ಯಕ್ರಮದಲ್ಲೇ ರಾಕ್ ಅದರ ಬೀಜ ಬಿತ್ತಿದ್ದ. ನಿಜವಾದ ತಪ್ಪು ಇದ್ದದ್ದು ಜಾಗ ಕೈ ಬದಲಾದ ರೀತಿಯಲ್ಲಿ. ಬೇಬಿಫೇಸ್‌ನಿಂದ, ಅಂದರೆ ಕಥೆಯ ನಾಯಕನಿಂದ, ಏನನ್ನಾದರೂ ಕಿತ್ತುಕೊಳ್ಳಿ, ನೋಡುಗ ಅವನ ಬೆನ್ನಿಗೆ ನಿಲ್ಲುತ್ತಾನೆ. ಅವನೇ ಕೈಯಾರೆ ಕೊಟ್ಟುಬಿಟ್ಟರೆ, ಇಷ್ಟು ದಿನ ಅವನಿಗಾಗಿ ಕೂಗಿದವನು ಏನು ಮಾಡಬೇಕು? ಕೋಡಿಗೇ ಬೇಡವಾದದ್ದು ನಮಗೆ ಯಾಕೆ ಬೇಕು? ಕಿವಿಯಲ್ಲಿ ಹೇಳಿದ ಆ ಮಾತೂ ನಮಗೆ ಕೇಳಿಸಲಿಲ್ಲ. ಕಥೆಯ ಅತಿ ಮುಖ್ಯ ಕಾರಣವನ್ನೇ ಮರೆಯಲ್ಲಿಟ್ಟು ಮುಂದಿನ ವಾರ ಬನ್ನಿ ಎಂದರೆ ಅದು ಕುತೂಹಲವಾಗುವುದಿಲ್ಲ, ಅನುಮಾನವಾಗುತ್ತದೆ. ಅದರಲ್ಲೂ ರಾಕ್ ಅದೇ ಜನವರಿಯಲ್ಲಿ ಮಾತೃ ಕಂಪನಿ ಟಿಕೆಒದ ನಿರ್ದೇಶಕ ಮಂಡಳಿಗೆ ಸೇರಿದ್ದ. ಅಧಿಕಾರ ಬಳಸಿ ಜಾಗ ಹಿಡಿದ ಎಂದು ಜನ ತಾವೇ ಕಾರಣ ತುಂಬಿಕೊಂಡರು.

ನೋಡುಗರ ಬೈಗುಳಕ್ಕೆ ಅಭಿಮಾನಿಗಳು ‘ಹೀಟ್’ ಅನ್ನುತ್ತಾರೆ, ಅದರಲ್ಲೇ ಎರಡು ಬಗೆ ಇವೆ. ಖಳನನ್ನು ಬೈಯುವುದು ಅವನು ಹೊಡೆತ ತಿನ್ನುವುದನ್ನು ನೋಡುವ ಆಸೆಗೆ. ಅಂಥ ಹೀಟ್ ಟಿಕೆಟ್ ಮಾರುತ್ತದೆ. ಇನ್ನೊಂದು ‘ಗೋ-ಅವೇ ಹೀಟ್’: ನೀನು ತೆರೆಯ ಮೇಲೇ ಬೇಡ, ಹೋಗು ಎನ್ನುವ ಬೈಗುಳ. ಆ ವಾರ ರಾಕ್‌ಗೆ ಬಿದ್ದದ್ದು ಎರಡನೆಯದು. ಅದನ್ನು ಮೊದಲನೆಯದಾಗಿ ತಿರುಗಿಸಲು ಇದ್ದ ದಾರಿ ಒಂದೇ, ಅವನನ್ನು ಹೀಲ್, ಅಂದರೆ ಖಳ, ಮಾಡುವುದು. ಬರ್ಮಿಂಗ್‌ಹ್ಯಾಮ್‌ನಲ್ಲೇ ಕೋಡಿ ಕೊಡಲ್ಲ ಎಂದು, ರಾಕ್ ಮಂಡಳಿಯ ಕುರ್ಚಿ ತೋರಿಸಿ ಕಿತ್ತುಕೊಂಡಿದ್ದರೆ ಅದೇ ಹತ್ತು ನಿಮಿಷದಲ್ಲಿ ಕೆಲಸ ಆಗುತ್ತಿತ್ತು.

ಕಂಪನಿ ಅದನ್ನು ಮಾಡಿದ್ದು ಫೆಬ್ರವರಿ 8ರಂದು, ಲಾಸ್ ವೇಗಸ್‌ನ ಪತ್ರಿಕಾಗೋಷ್ಠಿಯಲ್ಲಿ. ಕೋಡಿ ವೇದಿಕೆಗೆ ಬಂದು ತನ್ನ ಆಯ್ಕೆ ರೋಮನ್ ಎಂದ. ಮಾತು ಮನೆತನದ ಹಿರಿಯರ ಕಡೆ ತಿರುಗಿತು, ರಾಕ್ ಕೋಡಿಯ ಕೆನ್ನೆಗೆ ಬಾರಿಸಿದ. ಒಂದೇ ಏಟು, ಯಾರು ಯಾವ ಕಡೆ ಎಂಬುದು ಸ್ಪಷ್ಟವಾಯಿತು. ಅಲ್ಲಿಂದ ಮುಂದಿನ ಕೆಲಸ ತುಂಬ ಅಚ್ಚುಕಟ್ಟು. ಎರಡು ರಾತ್ರಿಯ ರೆಸಲ್‌ಮೇನಿಯಾವನ್ನು ಒಂದಕ್ಕೊಂದು ಹೆಣೆದರು: ಏಪ್ರಿಲ್ 6ರ ಟ್ಯಾಗ್ (ಜೋಡಿಗಳ) ಪಂದ್ಯದಲ್ಲಿ ರಾಕ್-ರೋಮನ್ ಗೆದ್ದರೆ ಮರುದಿನದ ಕೋಡಿ-ರೋಮನ್ ಪಂದ್ಯಕ್ಕೆ ರೋಮನ್‌ನ ಗುಂಪಿನ ಹೆಸರಿನ ಬ್ಲಡ್‌ಲೈನ್ ನಿಯಮ, ಅಂದರೆ ಏನು ಬೇಕಾದರೂ ನಡೆಯುತ್ತದೆ; ಕೋಡಿ-ಸೆತ್ ರೋಲಿನ್ಸ್ ಗೆದ್ದರೆ ಬ್ಲಡ್‌ಲೈನ್‌ನವರು ರಿಂಗಿನ ಹತ್ತಿರ ಸುಳಿಯುವಂತಿಲ್ಲ. ಮೊದಲ ರಾತ್ರಿಗೆ ಬೆಲೆ ಬಂದದ್ದು ಈ ಷರತ್ತಿನಿಂದ. ಮಾರ್ಚ್ 25ರ ರಾದಲ್ಲಿ ರಾಕ್ ಮಳೆಯಲ್ಲಿ ಕೋಡಿಯನ್ನು ರಕ್ತ ಬರುವಂತೆ ಹೊಡೆದು, ಕೋಡಿಯ ತಾಯಿಗೆಂದು ತಂದ ಬೆಲ್ಟಿಗೆ ಆ ರಕ್ತ ಒರೆಸಿದ. ಈಚಿನ ವರ್ಷಗಳಲ್ಲಿ ಒಂದು ಪಂದ್ಯವನ್ನು ಅದಕ್ಕಿಂತ ಚೆನ್ನಾಗಿ ಮಾರಿದ ದೃಶ್ಯ ಕಡಿಮೆ.

ಮೊದಲ ರಾತ್ರಿ ರಾಕ್-ರೋಮನ್ ಗೆದ್ದರು. ಹಾಗಾಗಿ ಫಿಲಡೆಲ್ಫಿಯಾದಲ್ಲಿ ಏಪ್ರಿಲ್ 7ರ ಫಿನಿಶ್‌ನಲ್ಲಿ ಒಳನುಗ್ಗಿದವರು ಜಾಸ್ತಿಯೇ ಆದರು. ಅವರಲ್ಲಿ ಹಳೆಯ ತಾರೆ ಅಂಡರ್‌ಟೇಕರ್‌ಗೆ ಈ ಕಥೆಯಲ್ಲಿ ಲೆಕ್ಕವೇ ಇರಲಿಲ್ಲ. ಆದರೆ ಸೆತ್ ಬಂದದ್ದು, ತಾನೂ ರೋಮನ್ನೂ ಒಟ್ಟಿಗಿದ್ದ ಶೀಲ್ಡ್ ತಂಡದ ಕಾಲದ ಕಪ್ಪು ಉಡುಪಿನಲ್ಲಿ. 2014ರಲ್ಲಿ ಶೀಲ್ಡ್ ಒಡೆದಾಗ ಸೆತ್ ಕುರ್ಚಿಯಿಂದ ಹೊಡೆದದ್ದು ರೋಮನ್ ಬೆನ್ನಿಗೆ. ಈಗ ಕುರ್ಚಿ ರೋಮನ್ ಕೈಯಲ್ಲಿ, ಎದುರಿಗೆ ಕೋಡಿ, ಇನ್ನೊಂದು ಕಡೆ ಸೆತ್‌ನ ಬೆನ್ನು. ರೋಮನ್ ಸೆತ್‌ಗೆ ಹೊಡೆದ. ಆ ಕ್ಷಣದಲ್ಲಿ ಕೋಡಿಗೆ ಸಿಕ್ಕ ಬಿಡುವಿನಲ್ಲಿ ತನ್ನ ಪಟ್ಟು ಕ್ರಾಸ್ ರೋಡ್ಸ್ ಮೂರು ಸಲ, ಮೂರು ಎಣಿಕೆ. ರೋಮನ್‌ನ 1,316 ದಿನದ ಆಳ್ವಿಕೆ ಮುಗಿಯಿತು. ಹತ್ತು ವರ್ಷದ ಹಿಂದಿನ ಏಟೊಂದು ಫಿನಿಶ್‌ಗೆ ಕಾರಣವಾದದ್ದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಒಂದು ಬಾಕಿ ಮಾತ್ರ ಹಾಗೇ ಉಳಿಯಿತು. ಮೊದಲ ರಾತ್ರಿ ಕೋಡಿಯನ್ನು ಪಿನ್ ಮಾಡಿದವನು ರಾಕ್. ಎರಡು ದಿನದ ಮೇಲೆ ರಾದಲ್ಲಿ ಮತ್ತೆ ಬರುತ್ತೇನೆ ಎಂದು ಹೋದ. 2025ರ ಫೆಬ್ರವರಿಯಲ್ಲಿ ಬಂದು ಕೋಡಿಯ ಆತ್ಮವನ್ನೇ ಕೇಳಿದ, ಮಾರ್ಚ್ 1ರಂದು ಟೊರಾಂಟೊದಲ್ಲಿ ಕೋಡಿ ಒಪ್ಪಲಿಲ್ಲ, ಅಷ್ಟು ದಿನ ನಾಯಕನಾಗಿದ್ದ ಜಾನ್ ಸೀನಾ ರಾಕ್‌ನ ಕಡೆ ಸೇರಿ ಹೀಲ್ ಆಗಿ ತಿರುಗಿದ. ಏಪ್ರಿಲ್ 20ರ ರೆಸಲ್‌ಮೇನಿಯಾದಲ್ಲಿ ಸೀನಾ ಕೋಡಿಯ ಬೆಲ್ಟ್ ಕಿತ್ತುಕೊಂಡಾಗ, ಅದೆಲ್ಲ ಶುರು ಮಾಡಿದ ರಾಕ್ ಆ ಕಟ್ಟಡದಲ್ಲಿ ಕಾಣಿಸಿಕೊಳ್ಳಲೇ ಇಲ್ಲ.