ವಾರಕ್ಕೊಂದು ಪೆನ್ನಿ, ವಾರಕ್ಕೊಂದು ಭೇಟಿ

ಇಂಗ್ಲೆಂಡಿನ ಬ್ರಿಸ್ಟಲ್‌ನ ಬ್ರಾಡ್‌ಮೀಡ್ ಅಂದರೆ ಶಾಪಿಂಗ್ ಜಾಗ. ಅಂಗಡಿಗಳ ನಡುವೆ ಒಂದು ಹಳೆಯ ಕಟ್ಟಡ, ಅದರ ಮುಂದೆ ಕುದುರೆ ಮೇಲೆ ಕೂತ ಜಾನ್ ವೆಸ್ಲಿಯವರ ಪ್ರತಿಮೆ. ಇದೇ ನ್ಯೂ ರೂಮ್. 1739ರಲ್ಲಿ ಕಟ್ಟಿದ್ದು, ವೆಸ್ಲಿಯವರಿಂದ ಶುರುವಾದ ಮೆಥಡಿಸ್ಟ್ ಅನ್ನುವ ಕ್ರೈಸ್ತ ಪಂಗಡದ, ಜಗತ್ತಿನಲ್ಲೇ ಅತ್ಯಂತ ಹಳೆಯ ಕಟ್ಟಡ. ಮೈಸೂರು, ತುಮಕೂರು ಕಡೆಯ ಕ್ರೈಸ್ತರಿಗೆ ವೆಸ್ಲಿ ಹೆಸರು ಹೊಸದಲ್ಲ. ಆದರೆ ಈ ಕಟ್ಟಡದ ಸಾಲದ ಕಥೆ ನಾನು ಕೇಳಿದ್ದು ಇಲ್ಲಿಗೆ ಬಂದ ಮೇಲೆ.

1742ರ ಫೆಬ್ರವರಿಯಲ್ಲಿ ಸಾಲ ತೀರಿಸುವುದು ಹೇಗೆ ಅಂತ ಮಾತುಕತೆ ನಡೆಯಿತು. ಕ್ಯಾಪ್ಟನ್ ಫಾಯ್ ಅನ್ನುವವರು, ಸಾಲ ತೀರುವವರೆಗೆ ಪ್ರತಿಯೊಬ್ಬರೂ ವಾರಕ್ಕೊಂದು ಪೆನ್ನಿ ಕೊಡಲಿ ಅಂದರು. ಅಷ್ಟೂ ಕೊಡಲಾಗದ ಬಡವರಿದ್ದಾರಲ್ಲ ಅಂತ ಇನ್ನೊಬ್ಬರು ಕೇಳಿದರು. ಹಾಗಾದರೆ ತೀರಾ ಬಡವರಾದ 11 ಜನರನ್ನು ನನಗೆ ಒಪ್ಪಿಸಿ, ವಾರವಾರ ಅವರಲ್ಲಿಗೆ ಹೋಗುತ್ತೇನೆ, ಅವರ ಕೈಲಾಗದಿದ್ದರೆ ಅವರ ಪಾಲನ್ನೂ ನಾನೇ ಕೊಡುತ್ತೇನೆ ಅಂದರು ಫಾಯ್.

ಉಳಿದವರೂ ಹಾಗೇ ಜನರನ್ನು ಹಂಚಿಕೊಂಡರು. ಕಾಸು ಕೇಳಲು ಹೋದವರ ಕಣ್ಣಿಗೆ ಬೇರೇನೋ ಬಿತ್ತು. ಒಂದು ಮನೆಯಲ್ಲಿ ಗಂಡ ಹೆಂಡತಿ ಜಗಳ, ಇನ್ನೊಂದು ಕಡೆ ಕುಡಿತ. ಬಯಲಲ್ಲಿ ನಿಂತು ಕೇಳಿದ ವೆಸ್ಲಿಯವರ ಬೋಧನೆ ಮನೆಯೊಳಗೆ ಎಷ್ಟು ಬಂದಿದೆ ಅಂತ ಗೊತ್ತಾಗಿದ್ದು ಆಗಲೇ. ನಮಗೆ ಬೇಕಾಗಿದ್ದು ಇದೇ ಅಂತ ವೆಸ್ಲಿಯವರಿಗೆ ಅನ್ನಿಸಿತು. 1743ರ ನಿಯಮಗಳಲ್ಲಿ ಇದು ಸೇರಿತು: ಸುಮಾರು 12 ಜನರ ಒಂದು ಕ್ಲಾಸ್, ಅದಕ್ಕೊಬ್ಬ ಲೀಡರ್. ವಾರಕ್ಕೆ ಒಮ್ಮೆಯಾದರೂ ಪ್ರತಿಯೊಬ್ಬರನ್ನೂ ಕಂಡು, ಆತ್ಮ ಹೇಗಿದೆ ಅಂತ ವಿಚಾರಿಸಬೇಕು. ಲೀಡರ್ ಪಾದ್ರಿಯೇ ಆಗಿರಬೇಕು ಅಂತೇನಿರಲಿಲ್ಲ. ಹೆಂಗಸರೂ ಲೀಡರ್ ಆಗಿದ್ದರು. ಮನೆಮನೆಗೆ ಹೋಗುವುದು ಕಷ್ಟ ಅಂತ ಆಮೇಲೆ ಒಂದೇ ಕಡೆ ಸೇರತೊಡಗಿದರು. ನನ್ನ ಕೇಳಿದರೆ, ಅಲ್ಲೇ ಸ್ವಲ್ಪ ನಷ್ಟವಾಯಿತು. ಎಲ್ಲರ ಎದುರು ಯಾರು ತಾನೇ ಮನೆ ಜಗಳ ಹೇಳುತ್ತಾರೆ?

ನಾನು ಹೋಗುವ ಸಭೆ, ಅಂದರೆ ಚರ್ಚು, ಊರಿನ ಇನ್ನೊಂದು ಮಗ್ಗುಲಲ್ಲಿದೆ. ಇಂಗ್ಲಿಷ್ ಹಿರಿಯರು, ಜಮೈಕಾದವರು, ನೈಜೀರಿಯಾದ ನರ್ಸ್‌ಗಳು, 2021ರಲ್ಲಿ ಹೊಸ ವೀಸಾ ಶುರುವಾದ ಮೇಲೆ ಬಂದ ಹಾಂಗ್‌ಕಾಂಗ್ ಕುಟುಂಬಗಳು, ಆಶ್ರಯ ಕೇಳಿ ಬಂದ ಇರಾನಿನ ಹುಡುಗರು, ನಾವೊಂದಿಷ್ಟು ಭಾರತದವರು. ಶಿಷ್ಯತ್ವ, ಅಂದರೆ ಯೇಸುವಿನ ಶಿಷ್ಯರಾಗಿ ಬದುಕುವುದನ್ನು, ಕಲಿಸಲು ಮೊದಲು ಒಂದು ಕೋರ್ಸ್ ತಂದರು. ವಿಡಿಯೊ, ಪುಸ್ತಕ, ಕೊನೆಗೆ ಚರ್ಚೆ. ಕೋರ್ಸ್ ಮುಗಿಯಿತು, ಪುಸ್ತಕ ಕಪಾಟು ಸೇರಿತು. ಈಗ ಇಬ್ಬಿಬ್ಬರಾಗಿ ಭೇಟಿ ಆಗುತ್ತೇವೆ. ಸತ್ಯವೇದದ (ಬೈಬಲಿನ) ಒಂದು ಭಾಗ, ವಾರ ಹೇಗಿತ್ತು ಅನ್ನುವ ಮಾತು, ಪ್ರಾರ್ಥನೆ. ಅಷ್ಟೇ.

ಇದನ್ನು ಶುರು ಮಾಡಿದ್ದು ಜಮೈಕಾದ ಒಬ್ಬ ಅಜ್ಜಿ. ಕರಿಯರಿಗೂ ಏಷ್ಯಾದವರಿಗೂ ಬಸ್ಸಿನಲ್ಲಿ ಕೆಲಸ ಕೊಡುವುದಿಲ್ಲ ಅಂದಿದ್ದಕ್ಕೆ 1963ರಲ್ಲಿ ಈ ಊರಿನಲ್ಲಿ ಬಸ್ ಬಹಿಷ್ಕಾರ ನಡೆದಿತ್ತು. ಅಜ್ಜಿ ಬಂದದ್ದು ಆ ಕಾಲದಲ್ಲಿ. ಸಭೆಯಲ್ಲಿ ಪಕ್ಕದ ಬೆಂಚಿನವರು ತಮ್ಮ ಹೆಸರು ಕೇಳಲು ತಿಂಗಳುಗಳೇ ಹಿಡಿದವು ಅನ್ನುತ್ತಾರೆ. ಹಾಗಾಗಿ ಹೊಸಬರು ಬಂದ ದಿನವೇ, ಅವರಿಗೆ ಯಾರು ಜೊತೆ ಅಂತ ಅಜ್ಜಿಯೇ ತೀರ್ಮಾನಿಸಿಬಿಡುತ್ತಾರೆ. ಪಾಸ್ಟರ್ ಕೂಡ ಎದುರಾಡುವುದಿಲ್ಲ.

ಹೇಗಿದ್ದೀರಿ ಅನ್ನುವುದನ್ನು ಎಲ್ಲರ ಹತ್ತಿರವೂ ಒಂದೇ ಥರ ಕೇಳಿದರೆ ಆಗುವುದಿಲ್ಲ. ಇಂಗ್ಲಿಷ್ ಹಿರಿಯರೊಬ್ಬರು ಎದುರು ಕೂತರೆ ಮಳೆಯ ಮಾತು ಬಿಟ್ಟು ಬೇರೆ ಆಡುವುದಿಲ್ಲ. ಜೊತೆಗೆ ವಾಕಿಂಗ್ ಹೋದರೆ ಬಾಯಿ ಬಿಡುತ್ತಾರೆ. ಹಾಂಗ್‌ಕಾಂಗಿನ ಗೆಳೆಯ ಭೇಟಿಯಲ್ಲಿ ಬರೀ ತಲೆಯಾಡಿಸುತ್ತಾನೆ, ನಿಜವಾದ ವಿಷಯ ರಾತ್ರಿ ಮೆಸೇಜಿನಲ್ಲಿ ಬರುತ್ತದೆ. ನೈಜೀರಿಯಾದ ಒಬ್ಬ ಹುಡುಗಿ ಹಿರಿಯರು ಅಂದದ್ದಕ್ಕೆಲ್ಲ ಹೌದು ಅನ್ನುತ್ತಾಳೆ. ಅದನ್ನು ಒಪ್ಪಿಗೆ ಅಂತ ತಿಳಿದರೆ ಕೆಟ್ಟೆವು. ನಮ್ಮಲ್ಲೂ ಹಾಗೇ ಅಲ್ವಾ? ಅಯ್ಯನವರ ಎದುರು ಯಾರು ಇಲ್ಲ ಅನ್ನುತ್ತಾರೆ?

ಈ ಹೌದು ಅನ್ನುವುದರಲ್ಲೇ ಅಪಾಯ ಇದೆ. 1970ರ ದಶಕದಲ್ಲಿ ಅಮೆರಿಕದ ಕೆಲವು ಸಭೆಗಳಲ್ಲಿ ಪ್ರತಿ ವಿಶ್ವಾಸಿಗೂ ಒಬ್ಬ ಕುರುಬ, ಅಂದರೆ ಕುರಿ ಕಾಯುವವನ ಹಾಗೆ ನೋಡಿಕೊಳ್ಳುವವನು, ಅಂತ ಗೊತ್ತುಮಾಡಿದರು. ಮದುವೆ, ಕೆಲಸ ಎಲ್ಲದಕ್ಕೂ ಅವನನ್ನು ಕೇಳಬೇಕಾಯಿತು. ಎಷ್ಟೋ ಜನ ನೊಂದು ಹೊರಬಂದರು. ಜೊತೆಗಿರುವುದಕ್ಕೂ ಯಜಮಾನಿಕೆಗೂ ನಡುವೆ ದೂರ ಜಾಸ್ತಿ ಇಲ್ಲ.

ಸತ್ಯವೇದದ ಅಪೊಸ್ತಲರ ಕೃತ್ಯಗಳ 18ನೇ ಅಧ್ಯಾಯದ ಜೋಡಿ ಅದಕ್ಕೇ ನನಗೆ ಇಷ್ಟ. ಅಕ್ವಿಲ ಪೊಂತದವನು. ಚಕ್ರವರ್ತಿ ಯೆಹೂದ್ಯರನ್ನು ರೋಮಿನಿಂದ ಓಡಿಸಿದಾಗ ಹೆಂಡತಿ ಪ್ರಿಸ್ಕಿಲ್ಲಳ ಜೊತೆ ಕೊರಿಂಥಕ್ಕೆ ಬಂದ. ಗುಡಾರ ಮಾಡುವ ಕಸುಬು. ಆಮೇಲೆ ಎಫೆಸ. ಅಲ್ಲಿ ಅಲೆಕ್ಸಾಂದ್ರಿಯದ ಅಪೊಲ್ಲೋಸ ಸಭಾಮಂದಿರದಲ್ಲಿ ಧೈರ್ಯವಾಗಿ ಮಾತಾಡುತ್ತಿದ್ದ. ಒಳ್ಳೆ ಮಾತುಗಾರ, ಆದರೆ ಅವನಿಗೆ ಗೊತ್ತಿದ್ದದ್ದು ಯೋಹಾನನ ದೀಕ್ಷಾಸ್ನಾನ ಮಾತ್ರ. ಇವರು ಅವನನ್ನು ತಮ್ಮ ಜೊತೆ ಕರೆದುಕೊಂಡು ಹೋಗಿ ದೇವರ ಮಾರ್ಗವನ್ನು ಬಿಡಿಸಿ ಹೇಳಿದರು. ಕಲಿಸಿದವರೂ ಕಲಿತವನೂ ಆ ಊರಿಗೆ ಹೊರಗಿನವರೇ.

ಅಜ್ಜಿ ನನಗೆ ಒಪ್ಪಿಸಿದ್ದು ಒಬ್ಬ ಇರಾನಿ ಹುಡುಗನನ್ನು. ವಾದ ಅಂದರೆ ಅವನಿಗೆ ಪ್ರಾಣ. ಅವನ ಫೋನಲ್ಲಿ ಫಾರ್ಸಿ ಸತ್ಯವೇದ, ನನ್ನದರಲ್ಲಿ ಕನ್ನಡ, ನಡುವೆ ಇಬ್ಬರ ಹರಕು ಇಂಗ್ಲಿಷ್. ಆಶ್ರಯದ ಅರ್ಜಿ ತೀರ್ಮಾನ ಆಗುವವರೆಗೆ ಸಾಮಾನ್ಯವಾಗಿ ಇಲ್ಲಿ ಕೆಲಸ ಮಾಡುವ ಹಾಗಿಲ್ಲ. ದಿನ ತಳ್ಳುವುದೇ ಕಷ್ಟ. ಹಾಗಾಗಿ ನಮ್ಮ ಶಿಷ್ಯತ್ವದ ಅರ್ಧ ಭಾಗ ಡಾಕ್ಟರ ಹತ್ತಿರ ಹೋಗುವುದು, ಸರ್ಕಾರದ ಪತ್ರ ಓದುವುದು.

ಆಶ್ರಯ ಕೇಳುವವರು ಇಲ್ಲಿ ಉಳಿಯುವುದಕ್ಕಾಗಿ ಕ್ರೈಸ್ತರಾಗುತ್ತಾರೆ ಅಂತ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಪೂರ್ತಿ ಸುಳ್ಳು ಅಂತ ನಾನು ಹೇಳಲಾರೆ. ಕ್ರೈಸ್ತನಾಗಿದ್ದೇನೆ ಅನ್ನುವ ಅರ್ಜಿಗಳ ಜೊತೆ ಸಭೆಯ ಪತ್ರವನ್ನೂ ಸಾಕ್ಷಿಯಾಗಿ ಕೊಡುವುದುಂಟು. ಭಾನುವಾರ ಬಾಗಿಲಲ್ಲಿ ಕೈ ಕುಲುಕಿದವರು ಏನು ಬರೆದಾರು? ಪಾಸ್ಟರ್ ನನ್ನನ್ನು ಕೇಳಿದರು. ಕಂಡದ್ದನ್ನು ಬರೆದುಕೊಟ್ಟೆ: ಅವನು ಕೇಳುವ ಪ್ರಶ್ನೆಗಳು, ತಪ್ಪಿಸಿಕೊಂಡ ವಾರಗಳು, ಅಮ್ಮನಿಗೆ ಹೇಳಲಾಗದೆ ಅತ್ತದ್ದು, ಸಿಗರೇಟು ಬಿಡಲಾಗದ್ದು. ಹೊಗಳಿಕೆ ಸೇರಿಸಲಿಲ್ಲ.

ತೀರ್ಮಾನ ಬರುವ ಮೊದಲೇ ಅವನನ್ನು ಬೇರೆ ಊರಿನ ವಸತಿಗೆ ಕಳಿಸಿದರು. ಯಾವ ಊರು ಅನ್ನುವುದು ಆಶ್ರಯ ಕೇಳಿದವರ ಆಯ್ಕೆ ಅಲ್ಲ. ಅಲ್ಲಿನ ಸಭೆಯಲ್ಲಿ ನಿವೃತ್ತ ಪೋಸ್ಟ್‌ಮ್ಯಾನ್ ಒಬ್ಬರು ಈಗ ಅವನನ್ನು ಕಾಣುತ್ತಿದ್ದಾರೆ. ಫೋನ್ ಮಾಡಿ ಅವರಿಗೆ ಒಂದೇ ಮಾತು ಹೇಳಿದೆ: ಅವನು ಜಗಳ ಆಡಿದರೆ ಬೇಜಾರು ಮಾಡಿಕೊಳ್ಳಬೇಡಿ, ಸುಮ್ನೆ ಹೌದು ಹೌದು ಅಂದ ದಿನ ಏನಾಯಿತು ಅಂತ ಕೇಳಿ.