ಬೇಸ್ ಗಿಟಾರಿಗೆ ಯಾವ ಕ್ಲಿಪ್ ಟ್ಯೂನರ್ ಅಂತ ಇನ್ನು ಫೋನ್ ಮಾಡಬೇಡಿ

"ಅಣ್ಣಾ, ಬೇಸ್ ಗಿಟಾರಿಗೆ ಯಾವ ಕ್ಲಿಪ್ ಟ್ಯೂನರ್ ತಗೋಬೇಕು? ಐನೂರರ ಒಳಗ ಹೇಳು." ವಾರಕ್ಕೊಬ್ಬರಾದರೂ ಕೇಳುತ್ತಾರೆ. ಕ್ಲಿಪ್ ಟ್ಯೂನರ್ ಅಂದರೆ ಗಿಟಾರಿನ ತಲೆಗೆ ಸಿಕ್ಕಿಸಿ ತಂತಿಯ ಶ್ರುತಿ ನೋಡಿಕೊಳ್ಳುವ ಪುಟ್ಟ ಯಂತ್ರ. ಬಳ್ಳಾರಿ ಬಸ್ ಸ್ಟ್ಯಾಂಡಿನಲ್ಲಿ ಕೇಳಿದ್ದಾರೆ, ಮದುವೆ ಊಟದ ಪಂಕ್ತಿಯಲ್ಲಿ ಕೇಳಿದ್ದಾರೆ, ರಸಮಂಜರಿ ಮುಗಿಸಿ ರಾತ್ರಿ ಒಂದು ಗಂಟೆಗೆ ಕೇಬಲ್ ಸುತ್ತುತ್ತಾ ನಿಂತಾಗಲೂ ಕೇಳಿದ್ದಾರೆ. ಮೊದಮೊದಲು ಕೂರಿಸಿಕೊಂಡು ಹೇಳುತ್ತಿದ್ದೆ. ಈಗ ಸಾಕಾಗಿದೆ. ಇದನ್ನು ಬರೆದಿಟ್ಟರೆ ಇನ್ನು ಲಿಂಕ್ ಕಳಿಸಿ ಸುಮ್ನಾಗಬಹುದು.

ಕೇಳಲಿ, ಬೇಡ ಅನ್ನಲ್ಲ. ಆದರೆ ಕೊನೆಗೊಂದು ಬಾಲ ಅಂಟಿಸುತ್ತಾರಲ್ಲ, "ನಾಲ್ಕೇ ತಂತಿ ಅಲ್ವಾ, ಯಾವುದಾದ್ರೂ ನಡೀತದ ಬಿಡು" ಅಂತ, ಆಗ ಮೈ ಉರಿಯುತ್ತದೆ. ನಡೆಯುವುದಾದರೆ ನನ್ನನ್ನು ಯಾಕೆ ಕೇಳುತ್ತೀರಿ?

ನಾಲ್ಕೇ ತಂತಿ, ಹೌದು. ಅದರಲ್ಲಿ ಇ ಸ್ವರದ ದಪ್ಪನೆಯ ತಂತಿ ಸೆಕೆಂಡಿಗೆ ಸುಮಾರು 41 ಸಲ ಅದುರುತ್ತದೆ. ಮಾಮೂಲಿ ಗಿಟಾರಿನ ದಪ್ಪ ಇ ತಂತಿ 82 ಸಲ. ಐದು ತಂತಿಯ ಬೇಸ್ ಆದರೆ ಕೆಳಗಿನ ಬಿ ಇನ್ನೂ ಇಳಿದು 31ಕ್ಕೆ ಬರುತ್ತದೆ. ಕ್ಲಿಪ್ ಟ್ಯೂನರ್ ಗಾಳಿಯಲ್ಲಿ ಬರುವ ಸದ್ದು ಕೇಳಿಸಿಕೊಳ್ಳುವುದಿಲ್ಲ, ಹೆಡ್‌ಸ್ಟಾಕ್, ಅಂದರೆ ತಂತಿ ತಿರುಚುವ ಕಿವಿಗಳಿರುವ ತುದಿ, ಕಚ್ಚಿಕೊಂಡು ಕಟ್ಟಿಗೆಯ ಅದುರು ಹಿಡಿಯುತ್ತದೆ. ಒಳಗೆ ಅದುರನ್ನು ಕರೆಂಟಾಗಿ ಬದಲಿಸುವ ಸಣ್ಣ ಪೀಜೋ ಬಿಲ್ಲೆ ಇರುತ್ತದೆ, ಅಷ್ಟೇ. ಇಷ್ಟು ನಿಧಾನದ ಅದುರು ಅಗ್ಗದ ಟ್ಯೂನರಿಗೆ ಸರಿಯಾಗಿ ಸಿಗುವುದಿಲ್ಲ. ನೀವು ಇ ಮೀಟುತ್ತೀರಿ, ಅದು ಬಿ ತೋರಿಸುತ್ತದೆ. ಪೂರ್ತಿ ಸುಳ್ಳೂ ಅಲ್ಲ ಅದು. ಇ ತಂತಿಯೊಳಗೆ ಮೂರು ಪಟ್ಟು ವೇಗದ ಬಿ ಕೂಡ ಅಡಗಿರುತ್ತದೆ, ಪಾಪ, ಅದಕ್ಕೆ ಅದೇ ಜೋರಾಗಿ ಸಿಕ್ಕಿರುತ್ತದೆ.

ಸರಿ, ಉತ್ತರ ಹೇಳಿಬಿಡುತ್ತೇನೆ. ಕೋರ್ಗ್, ಸ್ನಾರ್ಕ್, ಟಿಸಿ, ಯಾವ ಕಂಪನಿದಾದರೂ ತಗೊಳ್ಳಿ, ಆದರೆ ನಿಮ್ಮ ಬೇಸ್ ಹೆಗಲಿಗೆ ಹಾಕಿಕೊಂಡು ಅಂಗಡಿಗೆ ಹೋಗಿ. ಅಲ್ಲೇ ಸಿಕ್ಕಿಸಿ, ಇ ತಂತಿ ಮೆಲ್ಲಗೆ ಮೀಟಿ. ಮುಳ್ಳು ನಿಲ್ಲದೆ ಒದ್ದಾಡಿದರೆ ಹನ್ನೆರಡನೇ ಫ್ರೆಟ್ಟಿನ, ಅಂದರೆ ಕುತ್ತಿಗೆ ಮೇಲಿನ ಹನ್ನೆರಡನೇ ಲೋಹದ ಪಟ್ಟಿಯ, ನೇರ ಬೆರಳು ಬರೀ ತಾಗಿಸಿ, ಒತ್ತದೆ ಮೀಟಿ. ಸ್ವರ ದುಪ್ಪಟ್ಟಾಗಿ 82ಕ್ಕೆ ಏರುತ್ತದೆ, ಅಂದರೆ ಗಿಟಾರಿನ ಇ ಆಗುತ್ತದೆ, ಅದನ್ನು ಎಂಥ ಟ್ಯೂನರೂ ಹಿಡಿಯುತ್ತದೆ. ಹಾಗೂ ಹಿಡಿಯದಿದ್ದರೆ ವಾಪಸ್ ಕೊಟ್ಟು ಬನ್ನಿ. ಕ್ಲಿಪ್ಪಿನ ಬಾಯಿ ನಿಮ್ಮ ಹೆಡ್‌ಸ್ಟಾಕಿನ ದಪ್ಪಕ್ಕೆ ತೆರೆಯುತ್ತದಾ ನೋಡಿ. ಮಧ್ಯಾಹ್ನದ ಬಿಸಿಲಲ್ಲಿ ಪರದೆ ಕಾಣುತ್ತದಾ ಅಂತ ಅಂಗಡಿ ಹೊರಗೆ ಬಂದು ನೋಡಿ. ಇನ್ನೊಂದು, ಪರದೆ ಮೇಲೆ 440 ಅನ್ನುವ ಅಂಕಿ ಕಾಣಬೇಕು. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಸ್ಟೇಜ್ ಮೇಲೆ ಕ್ಲಿಪ್ಪಿನಿಂದ ಒಂದು ಲಾಭ ಇದೆ. ಬೇಸಿನ ವಾಲ್ಯೂಮ್ ಸೊನ್ನೆ ಮಾಡಿ, ಜನರಿಗೆ ಕೇಳಿಸದಂತೆ ಶ್ರುತಿ ಮಾಡಿಕೊಳ್ಳಬಹುದು. ಆದರೆ ನಮ್ಮ ಕಡೆ ಸ್ಟೇಜ್ ಅಂದರೆ ಎಷ್ಟೋ ಸಲ ಎರಡು ಟ್ರಾಲಿ ಜೋಡಿಸಿ ಮೇಲೆ ಹಲಗೆ ಹಾಕಿದ್ದು. ಅದೇ ಹಲಗೆ ಮೇಲೆ ದೊಡ್ಡ ಸ್ಪೀಕರ್ ಇಟ್ಟಿರುತ್ತಾರೆ. ಪ್ಯಾಡ್ ಬಾರಿಸುವ ನಮ್ಮ ಹುಡುಗನಿಗೆ ಹಾಡು ಮುಗಿದರೂ ಕೈ ಸುಮ್ಮನಿರಲ್ಲ. ಅವನು ಒಂದು ಕುಟ್ಟಿದರೆ ಹಲಗೆ ಅದುರಿ, ನಾನು ಅದುರಿ, ಬೇಸ್ ಅದುರಿ, ಟ್ಯೂನರಿನ ಮುಳ್ಳು ದೇವರು ಮೈಮೇಲೆ ಬಂದ ಹಾಗೆ ಕುಣಿಯುತ್ತದೆ. ಅದಕ್ಕೇ ತಿಂಗಳಿಗೆ ನಾಲ್ಕು ಪ್ರೋಗ್ರಾಂ ಇದ್ದವರು, ಇಲ್ಲಾ ಐದು ತಂತಿ ನುಡಿಸುವವರು, ಕಾಲಲ್ಲಿ ಒತ್ತುವ ಪೆಡಲ್ ಟ್ಯೂನರ್ ತಗೊಳ್ಳಿ. ಕೇಬಲ್ಲಿನಿಂದ ನೇರ ಕೇಳುತ್ತದೆ, ಒತ್ತಿದರೆ ಸದ್ದೂ ಬಂದ್. ಕ್ಲಿಪ್ ಚೀಲದಲ್ಲಿ ಸ್ಪೇರ್ ಇರಲಿ. ಪೆಡಲ್ಲಿಗೆ ದುಡ್ಡು ಜಾಸ್ತಿ, ಗೊತ್ತು. ಐನೂರರ ಒಳಗೆ ಸಿಗಲ್ಲ.

ಈಗ ಆ 440ರ ಕಥೆ.

ಕುಷ್ಟಗಿ ಕಡೆಯ ಒಂದು ಹಳ್ಳಿ ಜಾತ್ರೆ. ಸಿನಿಮಾ ಹಾಡಿಗೆ ಮೊದಲು ಅರ್ಧ ಗಂಟೆ ತತ್ವಪದ, ಊರಿನ ಪೇಟಿ ಮಾಸ್ತರರ ಹಾರ್ಮೋನಿಯಂ ಜೊತೆ. ನಾನು ಶಿಸ್ತಾಗಿ ಶ್ರುತಿ ಮಾಡಿಕೊಂಡೆ, ನಾಲ್ಕು ತಂತಿಗೂ ಹಸಿರು ದೀಪ. ಮೊದಲ ಪದ ಶುರುವಾಯಿತು, ಹಲ್ಲಲ್ಲಿ ಕಲ್ಲು ಸಿಕ್ಕ ಹಾಗೆ. ಪೇಟಿದೇ ತಪ್ಪು ಅಂದುಕೊಂಡೆ. ಮಾಸ್ತರು ಪೇಟಿಯ ತಿದಿ ಒತ್ತುತ್ತಲೇ ನನ್ನ ಕಡೆ ವಾಲಿ ಅಂದರು, "ತಮ್ಮಾ, ಒಂದೀಟು ಏರೈತಿ ನೋಡು."

"ಇಲ್ರೀ ಮಾಸ್ತರ, ಹಸಿರೈತಿ ನೋಡ್ರಿ."

"ಕಣ್ಣಿಗೆ ಹಸಿರೈತಿ. ನಾ ಕಿವೀದು ಹೇಳಾಕತ್ತೀನಿ."

ಪದ ಮುಗಿದ ಮೇಲೆ ಟ್ಯೂನರ್ ಕಿತ್ತು ಹತ್ತಿರ ಹಿಡಿದು ನೋಡಿದೆ. ಮೂಲೆಯಲ್ಲಿ ಇರುವೆ ಗಾತ್ರದ ಅಂಕಿ, 440 ಇರಬೇಕಾದಲ್ಲಿ 446. ಬಸ್ಸಿನಲ್ಲಿ ಚೀಲದೊಳಗೆ ಯಾವುದೋ ಒತ್ತಿ ಬಟನ್ ಅದುಮಿಬಿಟ್ಟಿತ್ತು. ಒಂದು ಫ್ರೆಟ್ಟಿನ ಕಾಲು ಭಾಗದಷ್ಟು ಮೇಲೆ ಕೂತು, ದೀಪ ನಂಬಿ, ಎಂಬತ್ತರ ಹತ್ತಿರದ ಮನುಷ್ಯನ ಜೊತೆ ವಾದ ಮಾಡಿದ್ದೆ. ಅವರು ಮತ್ತೇನೂ ಅನ್ನಲಿಲ್ಲ. ತಾಂಬೂಲದ ಚೀಲ ತೆಗೆದು ಎಲೆಗೆ ಸುಣ್ಣ ಹಚ್ಚುತ್ತಾ ಕೂತರು. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಆವತ್ತಿನಿಂದ ಒಬ್ಬರಾದರೂ "ಅಣ್ಣಾ, ಯಾವುದಕ್ಕೆ ಶ್ರುತಿ ಮಾಡ್ತೀ?" ಅಂತ ಕೇಳಲಿ ಅಂತ ಕಾಯುತ್ತಿದ್ದೇನೆ. ಯಾರೂ ಕೇಳಲ್ಲ. ಎಲ್ಲರಿಗೂ ಟ್ಯೂನರಿನ ಹೆಸರು ಬೇಕು. ಎ ಸ್ವರ ಅಂದರೆ ಸೆಕೆಂಡಿಗೆ 440 ಅದುರು ಅಂತ 1939ರಲ್ಲಿ ಲಂಡನ್ನಿನಲ್ಲಿ ಸಭೆ ಸೇರಿ ಒಪ್ಪಿಕೊಂಡರು. ನಮ್ಮ ಪೇಟಿ ಮಾಸ್ತರರಿಗೆ ಯಾರೂ ಪತ್ರ ಹಾಕಲಿಲ್ಲ. ಹಳೆ ಹಾರ್ಮೋನಿಯಂನ ರೀಡುಗಳನ್ನು ಕೆರೆದು ಕೆರೆದು ಶ್ರುತಿ ಕೂರಿಸಿರುತ್ತಾರೆ, ಒಂದು 437ಕ್ಕೆ ನಿಂತಿರುತ್ತದೆ, ಇನ್ನೊಂದು 443ಕ್ಕೆ. ಸ್ಟೇಜ್ ಮೇಲೆ ಅದನ್ನು ತಿರುಗಿಸಲು ಕೀ ಇಲ್ಲ. ನಾವೇ ಬಗ್ಗಬೇಕು.

ಹಾಗಾಗಿ ನನ್ನ ಮಾನ ಕಳೆದ ಬಟನ್ನೇ ಈಗ ನನಗೆ ಬೇಕಾದ ಬಟನ್. ಹೋದ ತಕ್ಷಣ ಮಾಸ್ತರರಿಗೆ ನಮಸ್ಕಾರ ಹೇಳಿ ಒಂದು ಎ ಒತ್ತಿ ಹಿಡಿಯಲು ಕೇಳುತ್ತೇನೆ. ಟ್ಯೂನರನ್ನು ಪೇಟಿಯ ಅಂಚಿಗೇ ಸಿಕ್ಕಿಸುತ್ತೇನೆ. ಮುಳ್ಳು ನಡುವೆ ನಿಲ್ಲುವವರೆಗೆ ಆ ಅಂಕಿ ಏರಿಸಿ ಇಳಿಸಿ, ನಿಂತ ಮೇಲೆ ಅದೇ ಅಂಕಿಗೆ ನನ್ನ ಬೇಸ್. ಬರೀ ಕೀಬೋರ್ಡ್ ಇದ್ದ ದಿನ ಮತ್ತೆ 440, ಇದನ್ನು ಮರೆತು ಇನ್ನೊಂದು ಸಲ ಮಾನ ಕಳೆದುಕೊಂಡಿದ್ದೇನೆ, ಅದನ್ನು ಇಲ್ಲಿ ಬರೆಯಲ್ಲ.

ಬೇಸಿಗೆಯಲ್ಲಿ ಇನ್ನೊಂದು ತಾಪತ್ರಯ. ನಾಲ್ಕು ಗಂಟೆಗೆ 40 ಡಿಗ್ರಿ ಬಿಸಿಲಲ್ಲಿ ಸೌಂಡ್ ಚೆಕ್ ಮಾಡಿದರೆ ತಂತಿ ಕಾದು ಸಡಿಲಾಗಿರುತ್ತದೆ. ಅದನ್ನು ಎಳೆದು ಸರಿ ಮಾಡಿಟ್ಟರೆ ರಾತ್ರಿ ಹತ್ತಕ್ಕೆ ತಣ್ಣಗಾಗಿ ಮೇಲೇರಿರುತ್ತದೆ. ಹತ್ತಕ್ಕೆ ಮತ್ತೊಮ್ಮೆ ನೋಡಿ, ಸೋಮಾರಿತನ ಬೇಡ.

ಬಿಲ್ಲೆ ಬ್ಯಾಟರಿ, ಸಿಆರ್2032, ಎರಡು ಜೇಬಲ್ಲಿರಲಿ, ಜಾತ್ರೆಯಲ್ಲಿ ಬಳೆ ಸಿಗುತ್ತದೆ, ಅದು ಸಿಗಲ್ಲ. ಟ್ಯೂನರಿಗೆ ನಿಮ್ಮ ಹೆಸರು ಬರೆದ ಚೀಟಿ ಅಂಟಿಸಿ. ನನ್ನ ಹತ್ತಿರ ಈಗ ಇರುವುದು ಮೂರನೆಯದು. ಮೊದಲೆರಡು ಎಲ್ಲಿವೆ ಅಂತ ನಮ್ಮ ಲೀಡ್ ಗಿಟಾರಿನವನನ್ನು ಕೇಳಿ.